ಪಾಸ್ಟರ್ ದನಿಯಲ್ಲಿ ಕರೆದೆ

"ಯೋಹಾನಪ್ಪ, ಇವತ್ತ ಬೈಬಲ್ ನೀವ ಓದ್ರಿ," ಎಂದೆ, ನಮ್ಮ ಪಾಸ್ಟರ್ ದನಿಯಲ್ಲೇ, ಅವರ ಕೆಮ್ಮು ಸಹಿತ. ಬೆಟಗೇರಿ ಚರ್ಚಿನ ಬಾಗಿಲಲ್ಲಿ ಕುಳಿತಿದ್ದ ಯೋಹಾನಪ್ಪನವರಿಗೆ ಕಣ್ಣು ಕಾಣುವುದಿಲ್ಲ. ಕಂಡಕಂಡವರ ದನಿ ಕದಿಯುವ ನನಗೆ ಅವರನ್ನು ಯಾಮಾರಿಸುವುದೇ ದೊಡ್ಡ ಪರೀಕ್ಷೆ. "ಆತ್ರಿ," ಎಂದರು. ಪಾಸಾದೆನೆಂದು ಬೀಗಿದೆ.

ಆರಾಧನೆಯಲ್ಲಿ ಬೈಬಲ್ ಓದುವ ಹೊತ್ತಿಗೆ ಅವರು ಖರೇನೇ ಎದ್ದು, ಕೋಲೂರುತ್ತ ಮುಂದೆ ನಡೆದುಬಿಟ್ಟರು. ನಾನು ಮುಂದಿನವರ ಬೆನ್ನಿನ ಮರೆಗೆ ಸರಿದೆ. ಪಾಸ್ಟರ್ ಗಲಿಬಿಲಿಗೊಂಡರೂ ಜಾಗ ಬಿಟ್ಟರು. ಯೋಹಾನಪ್ಪ ಚೀಲದಿಂದ ದಪ್ಪನೆಯ ಬ್ರೈಲ್ ಪುಸ್ತಕ ತೆಗೆದು, ಬೆರಳಾಡಿಸುತ್ತ ಇಡೀ ಕೀರ್ತನೆ ಓದಿದರು. ಎಲ್ಲೂ ತಡವರಿಸಲಿಲ್ಲ.

ಹೊರಗೆ ಬಂದವನೇ ತಪ್ಪಾಯಿತೆಂದೆ. ಅವರು ನಕ್ಕರು. "ನೀನ ಅಂತ ಆಗಲೇ ಗೊತ್ತಾತು ಲೇ. ಪಾಸ್ಟರು ಅಷ್ಟು ಚಂದ ಕೆಮ್ಮೂದಿಲ್ಲ. ಹತ್ತು ವರ್ಷದಿಂದ ಈ ಪುಸ್ತಕ ಹೊತ್ಕೊಂಡು ಬರಾಕತ್ತೀನಿ. ಓದ್ರಿ ಅಂದಾಂವ ನೀ ಒಬ್ಬನ."

ಈಗ ಓದುವವರ ಪಾಳಿಯಲ್ಲಿ ಅವರ ಹೆಸರೂ ಇದೆ. ಅವರು ಓದಿದ ಮರುವಾರ ನನ್ನ ಸರದಿ. ಎರಡೂ ಕಣ್ಣು ನೆಟ್ಟಗಿರುವ ನಾನು ಪ್ರತಿ ಸಲ ಒಂದು ಸಾಲು ಹಾರಿಸುತ್ತೇನೆ. ಮುಂದಿನ ಬೆಂಚಿನಿಂದ ಅವರೇ ಮೆಲ್ಲಗೆ ಹೇಳಿಕೊಡುತ್ತಾರೆ.