ಹೊಳೆ ದಾರಿಯ ಮದುವೆ ಮಂಚ

ನನ್ನ ಗಂಡನ ಅಣ್ಣನ ಬಗ್ಗೆ ನಾನು ಒಳ್ಳೆಯ ಮಾತಾಡಿ ಎಷ್ಟೋ ಕಾಲವಾಯಿತು. ಆಡುವ ಆಸೆಯೂ ಇಲ್ಲ. ನಂಜನಗೂಡಿನ ಹತ್ತಿರ ತಾಂಡ್ಯದಲ್ಲಿ ನಮ್ಮದೊಂದು ಫರ್ನಿಚರ್ ಕಾರ್ಖಾನೆ. ಕಾಗದದ ಮೇಲೆ ಅದು ಅಣ್ಣತಮ್ಮಂದಿರಿಬ್ಬರದು, ನಿಜದಲ್ಲಿ ಭಾವ ಒಬ್ಬರದೇ. ನನ್ನ ಗಂಡ ಅಣ್ಣನ ಮುಂದೆ ಬಾಯಿ ತೆರೆಯುವುದು ಆಕಳಿಸುವುದಕ್ಕೆ ಮಾತ್ರ. ಬಿ.ಕಾಂ. ಓದಿದ್ದೇನೆಂದು ನನ್ನನ್ನು ಮೊದಲು ಲೆಕ್ಕಕ್ಕೆ ಕೂರಿಸಿದರು. ಶಾಲೆಗಳ ಡೆಸ್ಕು, ಆಫೀಸುಗಳ ಮೇಜು ಎಂದು ಬರುತ್ತಿದ್ದ ಆರ್ಡರುಗಳು ಕಡಿಮೆಯಾಗಿ, ಹೊಸದೇನಾದರೂ ಮಾಡದಿದ್ದರೆ ಬಾಗಿಲು ಹಾಕಬೇಕು ಎನ್ನುವಂತಾದಾಗ, ಪ್ಲಾನಿಂಗ್ ಕೂಡ ನೀನೇ ನೋಡಿಕೋ ಎಂದರು.

ಪ್ಲಾನಿಂಗ್ ನಡೆಯುತ್ತಿದ್ದದ್ದು ನಂಜನಗೂಡಿನಲ್ಲಿ, ಸೋಮವಾರ, ಭಾವನ ಮನೆಯ ಹಾಲ್‌ನಲ್ಲಿ. ಅವರು ದೇವಸ್ಥಾನದಿಂದ ಬಂದ ಮೇಲೆ ನಾನು ಎಲ್ಲರಿಗೂ ಉಪ್ಪಿಟ್ಟು ಬಡಿಸಬೇಕು, ತಟ್ಟೆ ಎತ್ತಬೇಕು, ಕೈ ಒರೆಸಿಕೊಂಡು ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಕಂಪನಿಯ ಭವಿಷ್ಯ ವಿವರಿಸಬೇಕು. ಭಾವ ಹಲ್ಲುಕಡ್ಡಿ ಆಡಿಸುತ್ತ ಕೇಳುತ್ತಿದ್ದರು. ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಎಂದು ಹೇಳಬೇಕೆನಿಸಿದರೆ ಮಾತಿನ ನಡುವೆಯೇ ಹೇಳುತ್ತಿದ್ದರು.

ಹೊಸ ಮಾಲು ಯಾವುದಿರಬೇಕೆಂದು ತಿಳಿಯಲು ನಾನು ಹುಲ್ಲಹಳ್ಳಿ ಕಡೆಯೆಲ್ಲ ಸುತ್ತಿದ್ದೆ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನವರು ಮಂಚ, ಬೀರು, ಡ್ರೆಸಿಂಗ್ ಟೇಬಲ್ ಕೊಡುತ್ತಾರಲ್ಲ, ಆ ಮಂಚ ಹಳ್ಳಿ ಮನೆಗಳ ಬಾಗಿಲಲ್ಲಿ ತೂರುವುದಿಲ್ಲ. ಬೀಗರ ಮುಂದೆ ನಾಲ್ಕಾರು ಜನ ಅದನ್ನು ಅಡ್ಡ ಮಾಡಿ, ಉದ್ದ ಮಾಡಿ, ಕೊನೆಗೆ ಜಗುಲಿಯ ಮೇಲೆ ಬಿಟ್ಟು ಹೋಗುತ್ತಾರೆ. ಹೆಣ್ಣಿನ ಅಪ್ಪ ತಲೆ ತಗ್ಗಿಸಿ ನಿಲ್ಲುತ್ತಾನೆ. ಅದಕ್ಕೇ ಬಿಚ್ಚಿ ಒಳಗೆ ಸಾಗಿಸಿ ಜೋಡಿಸುವಂಥ ಮಂಚ, ಅದಕ್ಕೆ ಒಪ್ಪುವ ಬೀರು, ಹೀಗೆ ಒಂದು ಮದುವೆ ಸೆಟ್ ಮಾಡೋಣ ಎಂದೆ. ಭಾವ ಒಪ್ಪಿದರು. ಮುಂದಿನ ವಾರದಿಂದ ಕಂಡವರಿಗೆಲ್ಲ ಅದು ತಮ್ಮದೇ ಐಡಿಯಾ ಎಂದು ಹೇಳಿಕೊಂಡು ತಿರುಗಿದರು.

ಜಗಳ ಬಂದದ್ದು ಎಲ್ಲಿ ಮಾರಬೇಕು ಎನ್ನುವಲ್ಲಿ. ನಂಜನಗೂಡಿನ ದೇವಸ್ಥಾನದ ದಾರಿಯಲ್ಲಿ ನಮಗೊಂದು ಅಂಗಡಿ ಇದ್ದೇ ಇತ್ತು. ಎರಡನೆಯದನ್ನು ನರಸೀಪುರದಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಹಿಡಿಯೋಣ ಎಂದು ನಾನು ಹೇಳಿದ್ದೆ. ಭಾವನ ಕಣ್ಣು ನನ್ನ ಸೈಟಿನ ಮೇಲಿತ್ತು. ನಾನು ನರಸೀಪುರದ ಹತ್ತಿರದ ಮೂಗೂರಿನವಳು. ನರಸೀಪುರದಲ್ಲಿ ಹೊಳೆಗೆ ಇಳಿಯುವ ರಸ್ತೆಯಲ್ಲಿ ನಮ್ಮವ್ವ ನನಗೆ ಅರಿಶಿನ ಕುಂಕುಮಕ್ಕೆಂದು ಒಂದು ಸೈಟು ಬರೆದುಕೊಟ್ಟಿದ್ದಳು. ಈ ಭೂಮಿಯ ಮೇಲೆ ನನ್ನ ಹೆಸರಿನಲ್ಲಿ ಇರುವುದು ಅದೊಂದೇ.

"ನಿನ್ ಸೈಟು ಸುಮ್ಕೆ ಬಿದ್ದದಲ್ಲಮ್ಮ. ಬಾಡ್ಗೆ ಯಾಕ್ ದಂಡ?" ಎಂದರು ಭಾವ.

"ಅದು ಬೂದಿ ಬಿಡೋಕೆ ಹೋಗೋರ ದಾರಿ ಭಾವ. ಹೊಳೇಲಿ ಮುಳುಗಿ ಎದ್ದೋರು ನೆಟ್ಟಗೆ ಮನೆಗೆ ಹೋಗ್ತಾರೆ. ಯಾವ ಅಂಗಡಿಗೂ ಹತ್ತಲ್ಲ. ಹೊಸ ಸಾಮಾನಂತೂ ಮುಟ್ಟೋದೇ ಇಲ್ಲ," ಎಂದೆ.

ಅವರು ನಕ್ಕರು. "ಇಲ್ಲಿ ನಂಜನಗೂಡಲ್ಲಿ ನೋಡಿಲ್ವಾ ನೀನು? ತಲೆ ಬೋಳುಸ್ಕಂಡು, ಒಳೇಲಿ ಮುಳುಗ್ಬುಟ್ಟು, ಒದ್ದೆ ಬಟ್ಟೇಲೇ ಬಂದು ನಮ್ಮಂಗ್ಡೀಲಿ ಮಣೆ, ಸ್ಟೂಲು ತಗಂಡೋಯ್ತಾರೆ. ಅಲ್ಲೂ ಒಳೆ, ಅಲ್ಲೂ ಬೋಳು ತಲೆ. ಏನಮ್ಮ ಡಿಫರೆನ್ಸು?"

ನಂಜನಗೂಡಿನವರ ತಲೆ ಹೀಗೇ. ಹೊಳೆಯ ದಡದಲ್ಲಿ ಜನ ಸೇರಿದ್ದು ಕಂಡರೆ ಅವರಿಗೆ ಗಿರಾಕಿ ಕಾಣುತ್ತಾರೆ. ಹುಟ್ಟಿದಾರಭ್ಯ ನೋಡಿದ್ದೇ ಅದು. ನರಸೀಪುರಕ್ಕೂ ದೇವರ ದರ್ಶನಕ್ಕೆಂದು ಜನ ಬರುತ್ತಾರೆ, ಸುಳ್ಳು ಹೇಳಬಾರದು. ಆದರೆ ನನ್ನ ಸೈಟಿನ ಮುಂದೆ ಹಾದು ಹೋಗುವವರು ಬಹುಪಾಲು ಬೂದಿಯ ಮಡಕೆ ಹಿಡಿದವರೇ.

"ಇಲ್ಲಿ ಬೋಳಿಸೋದು ಹರಕೆಗೆ. ಅಲ್ಲಿ ಬೋಳಿಸೋದು ಹೆತ್ತೋರು ಹೋದದ್ದಕ್ಕೆ," ಎಂದೆ.

"ಸತ್ತ್ ಮನೇಲಿ ವರ್ಸದೊಳ್ಗೆ ಒಂದು ಮದುವೆ ಮಾಡ್ತಾರೆ ಕಣಮ್ಮ. ಮಾಡ್ತಾರೋ ಇಲ್ವೋ? ಆಗ ಮಂಚ ಬ್ಯಾಡ್ವಾ? ಇದು ಕಣಮ್ಮ ಸ್ಟ್ರಾಟಜಿ ಅಂದ್ರೆ."

ನನ್ನ ಗಂಡ ತಲೆ ಆಡಿಸಿದ. ಭಾವ ಅಷ್ಟಕ್ಕೇ ಬಿಡಲಿಲ್ಲ. "ತೌರಿನ ಸೈಟು ಕೊಡಾಕೆ ಮನಸಿಲ್ಲ ಅನ್ನು, ಒಪ್ಕತೀನಿ. ಅದಕ್ಯಾಕೆ ಸತ್ತೋರ್ ಕತೆ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಕೊಡಲು ಮನಸ್ಸಿರಲಿಲ್ಲ, ನಿಜ. ಹಾಗೆಂದು ನಾನು ಹೇಳಿದ್ದು ಸುಳ್ಳಾಗುತ್ತದೆಯೇ? ಸೈಟು ನನ್ನದಾದ್ದರಿಂದ ನನ್ನ ಮಾತಿಗೆ ಬೆಲೆಯಿಲ್ಲ. ಸೈಟು ಅವರಿಗೆ ಬೇಕಾದ್ದರಿಂದ ಅವರ ಮಾತೆಲ್ಲ ಸ್ಟ್ರಾಟಜಿ.

ಅವ್ವನಿಗೆ ಫೋನ್ ಮಾಡಿದೆ. "ಕೊಡ್ಬ್ಯಾಡ ಕಣವ್ವ," ಎಂದಳು. "ಸತ್ತೋರ್ ಬೂದಿ ಓಗೋ ದಾರೀಲಿ ಮದುವೆ ಮಂಚ ಮಡುಗಿದ್ರೆ ಯಾರ್ ಬಂದಾರು? ನಿಮ್ ಭಾವಂಗೆ ಬುದ್ಧಿ ಗಿದ್ದಿ ಅದಾ?"

ಅವ್ವನ ಮಾತು ಕೇಳಿದ್ದರೆ ಚೆನ್ನಾಗಿತ್ತು. ಆದರೆ ಅವ್ವ ಮೂಗೂರಿನಲ್ಲಿದ್ದಳು, ನಾನು ಬಾಳಬೇಕಾದ್ದು ಇಲ್ಲಿ. ಗಂಡ ಮಾತು ಬಿಟ್ಟ. ನಾನು ಬಡಿಸಿದ ತಟ್ಟೆ ಬಿಟ್ಟು ಅಣ್ಣನ ಮನೆಗೆ ಊಟಕ್ಕೆ ಹೋಗತೊಡಗಿದ. ಓರಗಿತ್ತಿ ಬೀದಿಯಲ್ಲಿ ಸಿಕ್ಕವರಿಗೆಲ್ಲ ನನ್ನ ತೌರಿನ ಸಿರಿವಂತಿಕೆಯನ್ನು ಕೊಂಡಾಡತೊಡಗಿದಳು. ಸಾಕಾಗಿ ಹೋಯಿತು, ಕಟ್ಟಿಕೊಳ್ಳಿ ಎಂದೆ. ಕೊಟ್ಟೆ ಎಂದು ನಾನು ಯಾವತ್ತೂ ಹೇಳಿಲ್ಲ, ಕಟ್ಟಿಕೊಳ್ಳಿ ಎಂದೆ ಅಷ್ಟೆ.

ಕಟ್ಟಿದರು. ಶೀಟಿನ ಮಾಡು, ಮುಂದೆ ಪೂರ್ತಿ ಗಾಜು. ಗಾಜಿನ ಹಿಂದೆ ನನ್ನ ಮಂಚ, ಅದರ ಮೇಲೆ ಕೆಂಪು ಸ್ಯಾಟಿನ್ ಹಾಸು, ಹೃದಯದಾಕಾರದ ಎರಡು ದಿಂಬು, ಸುತ್ತ ಮಲ್ಲಿಗೆ ಮಾಲೆ. ಆರಂಭದ ದಿನ ಭಾವ ರಿಬ್ಬನ್ ಕತ್ತರಿಸುವ ಹೊತ್ತಿಗೆ ರಸ್ತೆಯಲ್ಲಿ ಮಡಕೆ ಹಿಡಿದವರ ಒಂದು ಟೆಂಪೋ ನಿಧಾನವಾಗಿ ಇಳಿಯಿತು. ಕಿಟಕಿಯ ಹತ್ತಿರ ಕೂತಿದ್ದ ಹೆಂಗಸೊಬ್ಬಳು ಆ ಮಂಚವನ್ನು ನೋಡಿದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಭಾವ ಕ್ಯಾಮೆರಾ ನೋಡಿ ನಗುತ್ತಿದ್ದರು.

ಆಮೇಲೆ ಒಬ್ಬರೂ ಬರಲಿಲ್ಲ. ಒಂದು ಮಧ್ಯಾಹ್ನ ಬೋಳು ತಲೆಯ ಮೇಲೆ ಟವೆಲ್ ಹೊದ್ದ ಹಿರಿಯರೊಬ್ಬರು ಬಾಗಿಲ ಕಡೆಗೇ ಬಂದರು. ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತೆವು. ಅವರು ಮೆಟ್ಟಿಲ ಕೆಳಗೇ ನಿಂತು, "ಕಾಲ್ ತೊಳ್ಯಾಕೆ ನಲ್ಲಿ ಅದಾ ಸಾ?" ಎಂದು ಭಾವನನ್ನು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಭಾವ ಆ ನಗುವನ್ನು ಮರೆಯಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ತಪ್ಪು ನನ್ನ ಮಂಚದ್ದಾಯಿತು. ಬಿಚ್ಚುವ ಮಂಚ ಎಂದರೆ ಹೊಸ ಜೋಡಿಗೆ ಅಪಶಕುನವಂತೆ, ಜನ ಅದಕ್ಕೇ ಹೆದರುತ್ತಿದ್ದಾರಂತೆ. ಅದೇ ಮಂಚ ನಂಜನಗೂಡಿನ ಅಂಗಡಿಯಲ್ಲಿ ನಿಲ್ಲದೆ ಮಾರಾಟವಾಗುತ್ತಿದೆಯಲ್ಲ ಎಂದೆ. ಅದು ತಾವು ಜಾಗ ಆರಿಸಿದ ಗುಣ ಎಂದರು. ಈ ಮನುಷ್ಯನ ಹತ್ತಿರ ವಾದ ಮಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು. ಅವತ್ತಿನಿಂದ ನನ್ನ ಪ್ಲಾನಿಂಗ್ ಹೋಯಿತು, ಉಪ್ಪಿಟ್ಟು ಉಳಿಯಿತು.

ಅಷ್ಟರಲ್ಲಿ ಅವ್ವ ಹೋದಳು. ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ನನಗೆ ಅಳು ಬರಲಿಲ್ಲ. ನೆಂಟರು ಬಂದು ತಬ್ಬಿಕೊಂಡು ಅತ್ತರು, ನಾನು ಮರದ ತುಂಡಿನಂತೆ ನಿಂತಿದ್ದೆ. ನನ್ನ ತಮ್ಮ ತಲೆ ಬೋಳಿಸಿಕೊಂಡ. ಮಡಕೆ ತೆಗೆದುಕೊಂಡು ಎಲ್ಲರೂ ನರಸೀಪುರದ ಹೊಳೆಗೆ ಹೋದೆವು. ಅವ್ವನ ಬೂದಿ ನೀರಿಗೆ ಬಿಟ್ಟು ನಾನೂ ಮುಳುಗಿ ಎದ್ದೆ. ನನ್ನ ಗಂಡನೂ ಮುಳುಗಿದ. ಭಾವ ಹೊಳೆಗೆ ಬಂದಿರಲಿಲ್ಲ. ಹೊಳೆ ದಾರಿಯ ಅಂಗಡಿಯಲ್ಲಿದ್ದರು.

ವ್ಯಾನ್ ಹತ್ತುವ ಹೊತ್ತಿಗೆ ನನಗೆ ಸ್ವಲ್ಪ ಕೂರಬೇಕೆನಿಸಿತು. ಎದುರಿಗೇ ಅವ್ವ ಕೊಟ್ಟ ಜಾಗ. "ಅಕ್ಕ, ನೆಟ್ಗೆ ಮನೆಗೋಗನ ಬಾ," ಎಂದು ತಮ್ಮ ಕರೆಯುತ್ತಿದ್ದ. ನಾನು ಒದ್ದೆ ಸೀರೆಯಲ್ಲೇ ಆ ಕಡೆ ನಡೆದೆ.

ಭಾವ ಒಳಗಿನಿಂದ ಓಡಿಬಂದು ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತರು.

"ಅಲ್ಲೇ ನಿಂತ್ಕಳಮ್ಮ. ಒಳಕ್ಕೆ ಬರ್ಬ್ಯಾಡ. ಬೂದಿ ಬುಟ್ಟು ಬಂದಿದ್ದೀಯ, ಮದುವೆ ಸಾಮಾನು ಅದೆ ಕಣಮ್ಮ, ಮೈಲಿಗೆ ಆಯ್ತದೆ," ಎಂದರು. ಬೈಯಲಿಲ್ಲ, ಮೆಲ್ಲಗೆ, ಸಮಾಧಾನದ ದನಿಯಲ್ಲೇ ಹೇಳಿದರು. ತಾವು ಏನು ಹೇಳುತ್ತಿದ್ದೇವೆಂದು ಅವರಿಗೆ ತಿಳಿದೇ ಇರಲಿಲ್ಲ.

"ಯಾಕೆ ಭಾವ?" ಎಂದೆ. "ವರ್ಷದೊಳಗೆ ನಮ್ಮನೇಲೂ ಒಂದು ಮದುವೆ ಆಗಬಹುದಲ್ಲ?"

ನಾನು ಮೆಟ್ಟಿಲು ಹತ್ತಿದೆ. ನನ್ನ ಒದ್ದೆ ಸೆರಗು ಎಲ್ಲಿ ತಗಲುತ್ತದೋ ಎಂದು ಅವರು ಕೈ ತೆಗೆದು ಪಕ್ಕಕ್ಕೆ ಸರಿದರು. ಹೀಗೆ ಮಾಡಬಾರದೆಂದು ಅವರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಒಳಗೆ ಹೋಗಿ ಆ ಮಂಚದ ಮೇಲೆ ಕೂತೆ. ಕೆಂಪು ಸ್ಯಾಟಿನ್ ಒದ್ದೆಯಾಗಿ ಕಪ್ಪಾಯಿತು.

"ಎದ್ದೇಳಮ್ಮ," ಎಂದರು ಭಾವ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಇನ್ ಇದ ಯಾರಮ್ಮ ತಗತಾರೆ?"

"ಯಾರೂ ತಗೊಳ್ಳಲ್ಲ ಅಂತಲೇ ಭಾವ ನಾನು ಹೇಳಿದ್ದು," ಎಂದೆ. ಹಾಗೆನ್ನುವಾಗ ಇಷ್ಟು ದಿನ ಬಾರದಿದ್ದ ಅಳು ಒಮ್ಮೆಲೇ ಬಂತು.

ಭಾವ ನನ್ನ ಗಂಡನನ್ನು ಕೂಗಿದರು. ಅವನು ರಸ್ತೆಯಲ್ಲೇ ನಿಂತು ಅಣ್ಣನನ್ನೊಮ್ಮೆ ನನ್ನನ್ನೊಮ್ಮೆ ನೋಡಿದ, ಬರಲಿಲ್ಲ. ನನ್ನನ್ನು ಎಬ್ಬಿಸಬೇಕಾದರೆ ಭಾವ ಮುಟ್ಟಬೇಕು, ಮುಟ್ಟಿದರೆ ಅವರೂ ಹೊಳೆಗೆ ಹೋಗಿ ಮುಳುಗಬೇಕು. ಬಾಗಿಲಲ್ಲೇ ನಿಂತರು. ನಾನು ನಮ್ಮವ್ವನ ಜಾಗದಲ್ಲಿ ಕೂತು, ಅವಳಿಗಾಗಿ ಅಳಬೇಕಾದಷ್ಟನ್ನೂ ಅತ್ತೆ.