ಶಾಂಪೂ ಲೈನಿನ ಎರಡು ವಾಲ್ವ್

ನಾನು ಎಂಜಿನಿಯರಿಂಗ್ ಮುಗಿಸುವುದು ಸಾಧ್ಯವೇ ಇಲ್ಲ ಎಂದವರು ನನ್ನ ಸೋದರಮಾವ. ಸೂರತ್ ಬಳಿಯ ಸಚಿನ್ ಎಂಬ ಊರಿನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಅವರು ಫಿಟ್ಟರ್. ವಿಜಯಪುರದ ಕಡೆಯಿಂದ ನನ್ನನ್ನು ಗುಜರಾತಿಗೆ ಕರೆತಂದವರೂ ಅವರೇ. ಗಣಿತದಲ್ಲಿ ನಾನು ಮೂರನೆಯ ಸಲ ಫೇಲಾದಾಗ ಫೋನಿನಲ್ಲಿ, “ಅಳಿಯಾ, ನಮ್ಮ ಮನಿತನದಾಗ ಇದು ಆಗೂದಲ್ಲ ಬಿಡು. ಪಾನಾ-ಸ್ಪ್ಯಾನರ್ ಹಿಡಿ, ಹೊಟ್ಟಿ ತುಂಬತೈತಿ,” ಎಂದರು.

ನಾಲ್ಕನೆಯ ಸಲ ಪಾಸಾದೆ. ಬೇಕಾದಷ್ಟೇ ಅಂಕ, ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಆಗ ನಾನು ಅಹಮದಾಬಾದ್‌ನಲ್ಲಿ, ಹಗಲು ಮಣಿನಗರದ ಒಂದು ಕಾರ್ ವಾಶ್‌ನಲ್ಲಿ ಮೆಕ್ಯಾನಿಕ್, ಸಂಜೆ ಕಾಲೇಜು ವಿದ್ಯಾರ್ಥಿ. ಉಳಿದಿದ್ದದ್ದು ಕೊನೆಯ ಪ್ರಾಜೆಕ್ಟ್ ಒಂದೇ. ನಮ್ಮ ಕಾರ್ ವಾಶ್‌ನ ವಿದೇಶಿ ಮಷೀನಿನ ಆರು ಸೊಲೆನಾಯ್ಡ್ ವಾಲ್ವ್‌ಗಳು ಕೆಟ್ಟಿದ್ದವು. ಕರೆಂಟು ಬಂದರೆ ತೆರೆದು, ಹೋದರೆ ಮುಚ್ಚಿಕೊಳ್ಳುವ ನಲ್ಲಿ ಅಂದುಕೊಳ್ಳಿ. ಕಂಪನಿಯವರು ಹೇಳಿದ ಬೆಲೆ ಕೇಳಿ ಮಾಲೀಕರು ಕುರ್ಚಿ ಹುಡುಕಿದರು. ಕಡಿಮೆ ಬೆಲೆಯ ದೇಶಿ ವಾಲ್ವ್ ಆರಿಸಿ ಕೂರಿಸುವುದೇ ನನ್ನ ಪ್ರಾಜೆಕ್ಟ್. ಕೆಲಸ ಆಯಿತೆಂದು ಮಾಲೀಕರು ಸಹಿ ಹಾಕಿದ ಪತ್ರ ಕಾಲೇಜಿಗೆ ಕೊಟ್ಟರೆ ಡಿಗ್ರಿ, ಇಲ್ಲವಾದರೆ ಇನ್ನೊಂದು ವರ್ಷ.

ಮಾವನ ಮಿಲ್ಲಿನಲ್ಲಿ ಇಂಥ ವಾಲ್ವ್‌ಗಳು ನೂರಾರು ಇದ್ದವು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಡಿಗ್ರಿ ಪಡೆಯಲು ಹೊರಟವನು ಫಿಟ್ಟರನ್ನು ಕೇಳುವುದೇ? ನಾನು ಟೇಬಲ್ ತಯಾರಿಸಿದೆ. ಹನ್ನೊಂದು ಕಂಪನಿ, ಒಂಬತ್ತು ಕಾಲಂ, ಕಾಲಂಗೊಂದು ಬಣ್ಣ. ನವರಂಗಪುರದಲ್ಲಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಡೋದರಾದ ಒಂದು ವಾಲ್ವ್ ಅಂಗಡಿಗೆ ಹೋದೆ.

ಅಂಗಡಿಯವರು ಸಾವಧಾನವಾಗಿ, “ಲೈನ್ ಮೇ ಪ್ರೆಶರ್ ಕಿತನಾ ಹೈ, ಭಾಯ್?” ಎಂದರು.

“ನೂರು ಬಾರ್ ಪಂಪ್ ಹೈ ಹಮಾರಾ!” ಎಂದೆ, ಪಂಪನ್ನು ನಾನೇ ಹೆತ್ತವನ ಹಾಗೆ. ಅವರು ಕೇಳಿದ್ದು ಲೈನಿನಲ್ಲಿ ಎಷ್ಟು ಪ್ರೆಶರ್ ಎಂದು, ನಾನು ಹೇಳಿದ್ದು ಪಂಪಿನ ಪ್ರೆಶರ್. ಅವರು ಇನ್ನೇನೋ ಕೇಳಲು ಬಾಯಿ ತೆರೆದರು. ನಾನು ಟೇಬಲ್ ಮುಂದಿಟ್ಟೆ. ಅವರು ಬಾಯಿ ಮುಚ್ಚಿ ಆರು ವಾಲ್ವ್ ಕಟ್ಟಿಕೊಟ್ಟರು.

ಭಾನುವಾರ ಬೆಳಿಗ್ಗೆ ಕಾರುಗಳು ರಸ್ತೆಯವರೆಗೆ ನಿಂತಿದ್ದವು. ನೀರಿನ ನಾಲ್ಕು ಲೈನ್ ಚೆನ್ನಾಗಿಯೇ ಓಡಿದವು. ಶಾಂಪೂವಿನ ಎರಡು ವಾಲ್ವ್ ಮಾತ್ರ ಟಕ್ ಟಕ್ ಎನ್ನುತ್ತಿದ್ದವು, ಒಂದು ಹನಿ ನೊರೆ ಇಲ್ಲ. ಬಿಳಿ ಕಾರಿನವರೊಬ್ಬರು ಗಾಜು ಇಳಿಸಿ ನೋಡಿದರು. ಮಾಲೀಕರು ಎಲ್ಲರಿಗೂ ಕೇಳುವಂತೆ, “ಎಂಜಿನಿಯರ್ ಸಾಹೇಬ್, ಆವಾಜ್ ತೋ ಬಢಿಯಾ ಹೈ. ಫೋಮ್ ಕಹಾಂ ಹೈ?” ಎಂದರು, ಸದ್ದೇನೋ ಭರ್ಜರಿ, ನೊರೆ ಎಲ್ಲಿ ಎಂದು. ಆಮೇಲೆ ಪತ್ರವನ್ನು ಡ್ರಾಯರಿನಲ್ಲಿಟ್ಟು, ಒಂದು ವಾರ ನಿಲ್ಲದೆ ಓಡಿದರೆ ಮಾತ್ರ ಸಹಿ ಎಂದರು. ಕಾಲೇಜಿಗೆ ಕೊಡಲು ಉಳಿದಿದ್ದದ್ದು ಹತ್ತು ದಿನ.

ಮರುದಿನ ಒಂದು ವಾಲ್ವನ್ನೂ ಆ ಟೇಬಲನ್ನೂ ಚೀಲಕ್ಕೆ ಹಾಕಿಕೊಂಡು ಮಣಿನಗರದಲ್ಲಿ ಸೂರತ್ ರೈಲು ಹತ್ತಿದೆ. ವಡೋದರಾ ಸ್ಟೇಷನ್ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿದೆ, ಅಂಗಡಿಯವರು ಪ್ಲಾಟ್‌ಫಾರ್ಮಿನಲ್ಲಿ ನನಗೇ ಕಾದಿರುವರೇನೋ ಎಂಬಂತೆ.

ಸಚಿನ್‌ನಲ್ಲಿ ಮಾವ ವಾಲ್ವ್ ಕೈಗೆತ್ತಿಕೊಂಡರು, ಟೇಬಲ್ ಕಡೆ ನೋಡಲೇ ಇಲ್ಲ. “ಶಾಂಪೂ ಎಲ್ಲಿಂದ ಬರತೈತಿ?”

“ಮ್ಯಾಲ ಸ್ಟ್ಯಾಂಡಿನ ಮ್ಯಾಗ ಡ್ರಮ್ ಐತಿ, ಮಾಮಾ. ತಾನ ಇಳದು ಬರತೈತಿ.”

“ತಾನ ಇಳದು ಬರೂದ್ರಾಗ ಪ್ರೆಶರ್ ಎಲ್ಲಿರತೈತೋ? ಈ ಜಾತಿ ವಾಲ್ವಿಗೆ ಹಿಂದಿಂದ ನೀರು ಒತ್ತಬೇಕು, ಅಂದ್ರನ ಒಳಗಿನ ರಬ್ಬರ್ ಏಳತೈತಿ. ಜಾಸ್ತಿ ಎಷ್ಟು ತಡಕೋತೈತಿ ಅಂತ ನೋಡೀದಿ. ಕಡಿಮಿ ಎಷ್ಟು ಬೇಕು ಅಂತ ನೋಡೀ ಏನು?”

ಆ ಕಾಲಂ ನನ್ನ ಟೇಬಲ್ಲಿನಲ್ಲಿ ಇರಲಿಲ್ಲ. ಬಣ್ಣಗಳು ಮುಗಿದಿದ್ದವು.

“ಗಣಿತದಾಗ ಕಡಿಮಿ ಎಷ್ಟು ಬೇಕೋ ಅಷ್ಟ ತಗೊಂಡು ಪಾಸಾದಾಂವ ನೀ,” ಮಾವ ನಕ್ಕರು, “ಇದನ್ನ ಹೆಂಗ ಮರತೆಪಾ?”

ಪ್ರೆಶರ್ ಇಲ್ಲದಿದ್ದರೂ ಕರೆಂಟಿನ ಕಾಯಿಲ್ ತಾನೇ ರಬ್ಬರನ್ನು ಎತ್ತಿ ತೆರೆಯುವ ಬೇರೆ ವಾಲ್ವ್ ಇದೆ, ಸ್ವಲ್ಪ ದುಬಾರಿ, ಆದರೆ ಎರಡೇ ಸಾಕು, ನೀರಿನ ನಾಲ್ಕಕ್ಕೆ ಅಗ್ಗದವೇ ಸರಿ ಎಂದರು. ವಾಪಸಾಗುವಾಗ ವಡೋದರಾದಲ್ಲಿ ಇಳಿದೆ. ಅಂಗಡಿಯವರು ನನ್ನನ್ನು ನೋಡಿದ ಕೂಡಲೇ, ನಾನು ಕೇಳುವ ಮೊದಲೇ, ಅಂಥ ಎರಡು ವಾಲ್ವ್ ತೆಗೆದು ಕೌಂಟರಿನ ಮೇಲಿಟ್ಟರು. ಅವತ್ತು ಅವರ ಬಾಯಿಗೆ ಬಂದು ನಿಂತಿದ್ದ ಪ್ರಶ್ನೆ ಯಾವುದೆಂದು ಆಗ ತಿಳಿಯಿತು.

ವಾರವಿಡೀ ನೊರೆ ಬಂತು, ನನ್ನ ಅಂಗಿಯ ಮೇಲೂ. ಎಂಟನೆಯ ದಿನ ಮಾಲೀಕರು ಡ್ರಾಯರ್ ಎಳೆದು ಸಹಿ ಹಾಕಿದರು.

ಡಿಗ್ರಿ ಕೈಗೆ ಬಂದ ಮೇಲೆ ಅದನ್ನು ಮೊದಲು ಒಯ್ದದ್ದು ಸಚಿನ್‌ಗೆ. ಲ್ಯಾಮಿನೇಷನ್ ಮಾಡಿಸಿರಲಿಲ್ಲ. ಮಾವ ಎರಡು ಸಲ ಸೋಪು ಹಚ್ಚಿ ಕೈ ತೊಳೆದರು, ಬನಿಯನ್ನಿಗೆ ಒರೆಸಿಕೊಂಡು ಕಾಗದವನ್ನು ಅಂಚಿನಲ್ಲಷ್ಟೇ ಹಿಡಿದರು.

“ಆಗೂದಲ್ಲ ಅಂದಾಂವ ನಾನ,” ಎಂದರು. “ನಿಮ್ಮವ್ವಗ ಫೋನ್ ನಾನ ಹಚ್ತೀನಿ.”