ಸೆರೆಶಿಬಿರದಿಂದ ಬಂದ ಮಾತು ಯಾರದ್ದು?

ಯಾರಾದರೂ ನನ್ನನ್ನು ಮನೆಗೆ ಊಟಕ್ಕೆ ಕರೆದರೆ ನನಗೆ ಮೊದಲು ಬರುವುದು ಅನುಮಾನ, ಹಸಿವು ಆಮೇಲೆ. ಅಮೆರಿಕದ ಪಾರ್ಸಿಪನಿಯಲ್ಲಿ ರೂಮ್‌ಮೇಟ್‌ಗಳ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡು, ಅವರದೇ ಕುಕ್ಕರ್‌ನಲ್ಲಿ ಅನ್ನ ಮಾಡಿಕೊಂಡು, ಅದನ್ನು ತೊಳೆಯದೆ ಬಿಟ್ಟು ಬೈಸಿಕೊಳ್ಳುವ ನನ್ನಂಥವನನ್ನು ಯಾರೂ ಸುಮ್ಮನೆ ಕರೆಯುವುದಿಲ್ಲ. ಒಂದೋ ಅವರ ಮನೆಯ ಸೋಫಾವನ್ನು ಮಹಡಿಗೆ ಹತ್ತಿಸಬೇಕಿರುತ್ತದೆ, ಇಲ್ಲವೇ ಕನ್ನಡ ಕೂಟದ ಸ್ಟೇಜಿನ ಮೇಲೆ ನಾನು ಅವರ ಧ್ವನಿ ತೆಗೆದು ಅಣಕಿಸಿದ್ದಕ್ಕೆ ಲೆಕ್ಕ ತೀರಿಸಬೇಕಿರುತ್ತದೆ.

ಕಸುಬಿನಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ಏನೋ ತಪ್ಪಿದೆ ಎಂದು ದಿನವಿಡೀ ಅನುಮಾನಪಡುವುದಕ್ಕೆ ಹೋಬೋಕನ್‌ನ ಒಂದು ಆಫೀಸು ನನಗೆ ಸಂಬಳ ಕೊಡುತ್ತದೆ. ಚಟ ಮಿಮಿಕ್ರಿ. ಹೋಮದ ನಡುವೆಯೇ "ಫೈರ್ ಲೇನ್‌ನಲ್ಲಿ ನಿಲ್ಲಿಸಿದವರು ಕಾರು ತೆಗೀರಿ, ಸ್ವಾಹಾ" ಎನ್ನುವ ಪುರೋಹಿತರು, ವಂದನಾರ್ಪಣೆಗೆ ಮೈಕ್ ಕೊಟ್ಟರೆ ಅಧ್ಯಕ್ಷ ಭಾಷಣವನ್ನೇ ಮಾಡಿಬಿಡುವ ಅಂಕಲ್, ಫೋನಿನಲ್ಲಿ ಬರೀ ಹಲೋ ಕೇಳಿಯೇ ನಾನು ತೆಳ್ಳಗಾಗಿದ್ದೇನೆಂದು ಹೇಳುವ ನನ್ನಮ್ಮ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ಧ್ವನಿ ಎಂದರೆ ಮ್ಯಾನೇಜರ್ ಎದುರಿಗೆ "ಯಾ, ಶೂರ್, ಆಬ್ಸೊಲ್ಯೂಟ್ಲಿ" ಎಂದು ಕೀರಲಾಗುವುದು ಒಂದಿದೆ. ಅದನ್ನು ತೆಗೆದರೆ ಯಾರೂ ನಗುವುದಿಲ್ಲ, ಅಯ್ಯೋ ಪಾಪ ಅನ್ನುತ್ತಾರೆ.

ಹೀಗಿರುವಾಗ ಮಾರಿಸ್‌ಟೌನ್‌ನ ಒಂದು ಮನೆಯ ಹುಡುಗಿಯಿಂದ ಮೆಸೇಜ್ ಬಂತು. ಇಲ್ಲೇ ಹುಟ್ಟಿ ಬೆಳೆದವಳು, ಕೂಟದಲ್ಲಿ ಮುಖಪರಿಚಯ. ಅವಳ ಅಜ್ಜಿ ನನ್ನನ್ನು ನೋಡಬೇಕಂತೆ, ಭಾನುವಾರ ಮಧ್ಯಾಹ್ನ ಊಟಕ್ಕೆ ಬರಬೇಕಂತೆ. ಅದರ ಜೊತೆಗೆ ತೀರಿಹೋದ ತಾತನ ವಾಯ್ಸ್ ಮೆಸೇಜ್‌ಗಳೂ ಬಂದವು: "ಇದನ್ನು ಪ್ರಾಕ್ಟೀಸ್ ಮಾಡ್ಕೊಂಡು ಬಾ." ನನ್ನ ತಲೆ ಓಡಿದ್ದು ಒಂದೇ ಕಡೆ. ಅಜ್ಜಿ ಹುಡುಗನನ್ನು ನೋಡುವುದೆಂದರೆ ಇನ್ನೇನು? ತಾತನ ಧ್ವನಿಯಲ್ಲಿ ಆಶೀರ್ವಾದ ಮಾಡಿಸಿ ನಿಶ್ಚಯ ಮಾಡುವ ಯೋಚನೆ ಇರಬೇಕು. ಕುರ್ತಾಗೆ ಇಸ್ತ್ರಿ ಹಾಕಿದೆ. ರೂಮ್‌ಮೇಟ್‌ನ ಸೆಂಟು ಅವನಿಗೆ ಹೇಳದೆ ಹೊಡೆದುಕೊಂಡೆ.

ಅವಳು ಡ್ರೈವ್‌ವೇಯಲ್ಲೇ ಕಾಯುತ್ತಿದ್ದಳು. "ಹೇ, ಥ್ಯಾಂಕ್ಸ್ ಫಾರ್ ಕಮಿಂಗ್! ಫಾಲ್‌ನಲ್ಲಿ ನನ್ನ ಮದುವೆ, ಯು ನೋ ರೈಟ್?"

ಗೊತ್ತಿರಲಿಲ್ಲ. "ಕಂಗ್ರಾಟ್ಸ್" ಎಂದೆ. ನನ್ನ ಬಾಯಿಂದ ಹೊರಟದ್ದು ವಂದನಾರ್ಪಣೆಯ ಅಂಕಲ್ ಧ್ವನಿ.

ಕಾರಿಗೆ ಒರಗಿಕೊಂಡೇ ಅವಳು ವಿಷಯ ಹೇಳಿದಳು. ತಾತ ಸೈನ್ಯದಲ್ಲಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕು ಒಂದು ವರ್ಷದ ಹತ್ತಿರ ಪಾಕಿಸ್ತಾನದ ಶಿಬಿರವೊಂದರಲ್ಲಿದ್ದರು. ಆಗ ಅವರಿಗೂ ಅಜ್ಜಿಗೂ ಮದುವೆ ಗೊತ್ತಾಗಿತ್ತು, ತಾಳಿ ಕಟ್ಟಿರಲಿಲ್ಲ. ಶಿಬಿರದಿಂದ ಅಜ್ಜಿಗೆ ಪ್ರೇಮಪತ್ರಗಳು ಬಂದವು, ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದರೆ ಅಲ್ಲಿ ಕಾಗದ ತನಿಖೆ ಮಾಡುವವರಿಗೆ ಓದಲು ಬರುತ್ತಿರಲಿಲ್ಲ. ಅವರು ಓದಲಾಗದ್ದು ಗಡಿ ದಾಟುತ್ತಿರಲಿಲ್ಲ. ತಾತನ ಇಂಗ್ಲಿಷ್ ಅಷ್ಟಕ್ಕಷ್ಟೆ. ಜೊತೆಗಿದ್ದ ಇನ್ನೊಬ್ಬ ಕೈದಿ ಬರೆದುಕೊಟ್ಟದ್ದು, ತಾತ ಸಹಿ ಹಾಕಿದ್ದು. ಇತ್ತ ಅಜ್ಜಿಯ ಊರಿನಲ್ಲಿ ಶಾಲೆಯ ಟೀಚರಮ್ಮ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಇಷ್ಟೂ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

"ಮತ್ತೇನು ಪ್ರಾಬ್ಲಮ್?"

"ಪ್ರಾಬ್ಲಮ್ ಈಸ್, ನಾನು ಅಜ್ಜಿಗೆ ಇಂಗ್ಲಿಷ್ ಓದೋಕೆ ಕಲಿಸಿಬಿಟ್ಟೆ."

ಮಕ್ಕಳ ಪುಸ್ತಕ ಮುಗಿಸಿದ ಅಜ್ಜಿ ನೇರವಾಗಿ ಪೆಟ್ಟಿಗೆಯಿಂದ ಆ ಕಾಗದಗಳನ್ನು ತೆಗೆದು, ಮೊದಲ ಸಲ ತಾವೇ ಓದಿದರಂತೆ. ಅಂದಿನಿಂದ ಒಂದೇ ಪ್ರಶ್ನೆ. ಕೈ ಬೇರೆಯವನದು, ಸರಿ. ಮಾತು? ಗಂಡ ಮನಸ್ಸಿನಲ್ಲಿದ್ದದ್ದನ್ನು ಹೇಳಿ, ಆತ ಇಂಗ್ಲಿಷಿಗೆ ಹಾಕಿದನೋ, ಅಥವಾ ಎಲ್ಲವೂ ಆತನೇ ಹೊಸೆದದ್ದೋ? ಮೊಮ್ಮಗಳಿಗೆ ಅದರಲ್ಲೊಂದನ್ನು ತನ್ನ ಮದುವೆಯಲ್ಲಿ ಓದುವ ಆಸೆ. ಅಜ್ಜಿಯ ಉತ್ತರ: ಸುಳ್ಳು ಪ್ರೀತಿಯ ಕಾಗದವಾದರೆ ಮದುವೆಮನೆಗೆ ಬರುವುದಿಲ್ಲ, ಹಿತ್ತಲಿನ ಬಾರ್ಬೆಕ್ಯೂ ಗ್ರಿಲ್‌ಗೆ ಹೋಗುತ್ತದೆ. ಇದ್ದಿಲು ಮೂಟೆಯೂ ಡೆಕ್ ಮೇಲೆ ಬಂದಿದೆಯಂತೆ.

"ನಿಂಗೆ ಯಾರ ವಾಯ್ಸ್ ಬೇಕಾದ್ರೂ ಬರುತ್ತಲ್ಲ. ಪ್ಲೀಸ್, ಜಸ್ಟ್ ಮೇಕ್ ಇಟ್ ಸೌಂಡ್ ಲೈಕ್ ತಾತ," ಎಂದಳು.

ಒಳಗೆ ಹೋದರೆ ಅಜ್ಜಿ ಊಟದ ಮೇಜಿನ ತಲೆಭಾಗದಲ್ಲಿ, ಇಮಿಗ್ರೇಷನ್ ಕೌಂಟರಿನವರ ಹಾಗೆ ಕೂತಿದ್ದರು.

"ನೀನೇನಾ ಎಲ್ಲರನ್ನೂ ಆಡಿಕೊಳ್ಳೋನು?"

"ಎಲ್ಲರನ್ನೂ ಅಲ್ಲ ಅಜ್ಜಿ."

"ಯಾಕೆ, ನನ್ನ ಬಿಟ್ಟಿದ್ದೀಯಾ?"

"ಇವತ್ತು ತಾನೇ ಪರಿಚಯ ಆಗ್ತಿದೆಯಲ್ಲ."

ನಗಲಿಲ್ಲ. "ಇವಳು ಹೊರಗಡೆ ಏನು ಹೇಳಿಕೊಟ್ಟಳು?"

"ಏನೂ ಇಲ್ಲ ಅಜ್ಜಿ."

"ಕಾರ್ ಹತ್ರ ಅಷ್ಟೊತ್ತು ಏನೂ ಇಲ್ಲದೇನೇ ನಿಂತಿದ್ರಾ? ಕೂತ್ಕೋ. ಮುದ್ದೆ ತಿಂತೀಯಾ, ಇಲ್ಲಾ ಸೆಂಟು ಕೊಳೆಯಾಗುತ್ತಾ?"

ಬಸ್ಸಾರು, ಮುದ್ದೆ. ನುಂಗುತ್ತಲೇ ನಾನು ಒಳಗೊಳಗೆ ಅವರ ಧ್ವನಿಯನ್ನೂ ಜೇಬಿಗೆ ಹಾಕಿಕೊಂಡೆ. ವಾಕ್ಯದ ಕೊನೆಗೆ ಕೊಕ್ಕೆ ಹಾಕಿ ಎಳೆಯುವ ಧ್ವನಿ.

ತಾತನ ಧ್ವನಿ ಹಾಗಿರಲಿಲ್ಲ. ಅವರು ಈ ಮನೆಯ ಬೇಸ್‌ಮೆಂಟಿನ ಕೋಣೆಯಲ್ಲಿದ್ದವರು. ಮೆಟ್ಟಿಲು ಹತ್ತಲು ಮಂಡಿನೋವಾದ್ದರಿಂದ ಕೆಳಗಿನಿಂದ ಮೇಲಕ್ಕೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. "ಹಲೋ. ನಾನು. ಕಾಫಿ. ಸಕ್ಕರೆ ಕಮ್ಮಿ. ಇಡ್ತೀನಿ." ಇನ್ನೊಂದರಲ್ಲಿ: "ಹಿಮ ಬೀಳ್ತಿದೆ. ಚಪ್ಪಲಿ ಒಳಗೆ ಇಡು. ಇಡ್ತೀನಿ." ಪ್ರತಿ ಎರಡು ಮೂರು ಪದಕ್ಕೊಮ್ಮೆ ನಿಲುಗಡೆ, ಮೂಗಿನಲ್ಲಿ ಒಂದು ಸಣ್ಣ ಉಸಿರು. ಕಷ್ಟದ ಧ್ವನಿಯಲ್ಲ. ಎರಡು ದಿನದಲ್ಲಿ ಕೂತಿತ್ತು.

ಕೈ ತೊಳೆದು ಬಂದಾಗ ಮೇಜಿನ ಮೇಲೆ ನೀಲಿ ದಾರ ಸುತ್ತಿದ ಆ ಕಾಗದಗಳ ಕಟ್ಟು ಇತ್ತು. ಅಜ್ಜಿ ಅದನ್ನು ಮುಟ್ಟಲಿಲ್ಲ. ಫ್ರಿಜ್ಜಿನ ಬಾಗಿಲಿನಿಂದ ಒಂದು ಹಾಳೆ ಕಿತ್ತು ನನ್ನ ಮುಂದಿಟ್ಟರು. "ಮೊದಲು ಇದನ್ನ ಓದು. ಅವರ ಧ್ವನೀಲಿ, ಕನ್ನಡದಲ್ಲಿ."

ಅದು ಕಾಲೊನಿಯ ಅಸೋಸಿಯೇಷನ್ ಕಳಿಸಿದ್ದ ಕಸದ ಡಬ್ಬಿಯ ನೋಟಿಸು. ಮೂಗಿನ ಉಸಿರು ಬಿಟ್ಟು ಶುರುಮಾಡಿದೆ. "ಡಬ್ಬಿ ಒಳಗಿಡಿ. ಸಂಜೆ ಮೇಲೆ ಹೊರಗಿಡಿ. ಮುಚ್ಚಳ ಹಾಕಿ. ಇಲ್ಲಾಂದ್ರೆ ಫೈನು. ಇಡ್ತೀನಿ."

ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಜ್ಜಿಯ ಭುಜ ಕುಲುಕಿತು. ನಗುವೋ ಅಳುವೋ ಎಂದು ನಾನು ಕದ್ದು ನೋಡುವಷ್ಟರಲ್ಲಿ ಕಣ್ಣೊರೆಸಿಕೊಂಡು ಬಗ್ಗಿ ಕೂತರು.

"ಕಳ್ಳ. ಕಸದ ಕಾಗದಾನೂ ಅವರದೇ ಮಾಡಿಬಿಟ್ಟೆ. ಇನ್ನು ನೀನು ಪ್ರೇಮಪತ್ರ ಅವರದು ಅಂದರೆ ನಾನು ಹೇಗೆ ನಂಬಲಿ?"

ಪರೀಕ್ಷೆ ಕಾಗದಕ್ಕಲ್ಲ, ನನಗೇ ಎಂದು ಆಗ ಹೊಳೆಯಿತು. ಬೇರೆಯವರ ಕೆಲಸ ಟೆಸ್ಟ್ ಮಾಡುವವನನ್ನು ಎಪ್ಪತ್ತು ದಾಟಿದ ಹೆಂಗಸು ಬಸ್ಸಾರು ಹಾಕಿ ಟೆಸ್ಟ್ ಮಾಡಿದ್ದರು.

"ಈಗ ಇದು," ಎಂದು ಕಟ್ಟಿನಿಂದ ಒಂದನ್ನು ಎಳೆದುಕೊಟ್ಟರು. ತೆಳು ಹಾಳೆ, ನೀಟಾದ ಇಂಗ್ಲಿಷ್. ನಾನು ಕನ್ನಡ ಮಾಡುತ್ತ ಓದತೊಡಗಿದೆ. "ತಂತಿಬೇಲಿಯ ಆಚೆ ಒಂದು ಮರವಿದೆ. ಅದರ ಎಲೆ ಅಲುಗಿದಾಗಲೆಲ್ಲ, ನೀನು ಪಕ್ಕದ ಕೋಣೆಯಲ್ಲಿ ಸೀರೆ ಮಡಿಸುತ್ತಿದ್ದೀಯೇನೋ ಎಂದು ತಲೆಯೆತ್ತಿ, ಇಲ್ಲವೆಂದು ತಿಳಿದೂ ಸ್ವಲ್ಪ ಹೊತ್ತು ಹಾಗೆಯೇ ಕಿವಿಗೊಟ್ಟಿರುತ್ತೇನೆ."

ಈ ಉದ್ದಕ್ಕೆ ತಾತನ ಉಸಿರು ಸಾಲುತ್ತಿರಲಿಲ್ಲ. ಆದರೆ ನಾನು ಕೈಚಳಕದವನು. ಮುಂದಿನ ಸಾಲನ್ನು ತುಂಡು ಮಾಡಿದೆ. ಬೇಕಾದ ಕಡೆ ನಿಂತೆ, ಮೂಗಿನ ಉಸಿರು ಸೇರಿಸಿದೆ. "ರಾತ್ರಿ ಚಳಿ. ಕಂಬಳಿ ತೆಳು. ನಿನ್ನ ನೆನೀತೀನಿ." ಸರಿಯಾಗಿ ಕೂತಿತು. ಮೊಮ್ಮಗಳು ಕಣ್ಣಲ್ಲೇ ಶಹಭಾಸ್ ಅಂದಳು. ಆಗ ಅಜ್ಜಿ, ಮೇಜಿನ ಮೇಲಿನ ತಟ್ಟೆ ಸರಿಸುತ್ತ, ನನ್ನ ಕಡೆ ನೋಡದೆಯೇ, "ಹೂಂ, ಆಮೇಲೆ?" ಎಂದರು.

ಅದು ನನಗೆ ಹೇಳಿದ್ದಲ್ಲ. ನಾನು ಧ್ವನಿ ತೆಗೆದಾಗ ಜನ ನಗುತ್ತಾರೆ, ಕೆಲವರು ಕೂಟದ ಕಮಿಟಿಗೆ ದೂರು ಕೊಡುತ್ತಾರೆ. ಯಾರೂ ಆ ಧ್ವನಿಗೆ ಹೀಗೆ ಉತ್ತರ ಕೊಟ್ಟಿರಲಿಲ್ಲ. ಕಾಗದ ಕೆಳಗಿಟ್ಟೆ.

"ಇದು ಅವರ ಮಾತಲ್ಲ ಅಜ್ಜಿ. ನಾನು ಮಧ್ಯೆ ಕತ್ತರಿಸಿ ಅವರದ್ದರ ಹಾಗೆ ಮಾಡ್ತಿದ್ದೆ. ಇಲ್ಲಿ ಬರೆದಿರೋ ಹಾಗೇ ಓದಿದ್ರೆ ಅವರ ಬಾಯಿಗೆ ಇದು ಕೂರೋದೇ ಇಲ್ಲ. ಹೇಳಿ ಬರೆಸಿದ್ದಿದ್ರೆ ಎಲ್ಲಾದರೂ ಒಂದು ಕಡೆ ಅವರ ಹಾಗೆ ನಿಲ್ತಿತ್ತು. ಎಲ್ಲೂ ನಿಲ್ಲಲ್ಲ."

"ಓ ಮೈ ಗಾಡ್," ಎಂದಳು ಮೊಮ್ಮಗಳು. "ಆರ್ ಯು ಸೀರಿಯಸ್?" ಗ್ರಿಲ್‌ನಲ್ಲಿ ಕಾಗದದ ಜೊತೆಗೆ ನನಗೂ ಜಾಗವಿದೆ ಎಂಬಂತಿತ್ತು ಅವಳ ನೋಟ.

ಅಜ್ಜಿ ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, ಬೆರಳಿಟ್ಟು, ಇಂಗ್ಲಿಷ್ ಅಕ್ಷರ ಒಂದೊಂದಾಗಿ ಓದಿದರು. "ಪಕ್ಕದ ಕೋಣೆ. ಇನ್ನೂ ಮದುವೇನೇ ಆಗಿರಲಿಲ್ಲ. ಇವರು ನನ್ನ ನೋಡಿದ್ದೇ ಹೆಣ್ಣು ನೋಡೋ ಶಾಸ್ತ್ರದ ದಿನ, ಅದೂ ಕಾಫಿ ಲೋಟದ ಮೇಲಿಂದ. ನಾನು ಸೀರೆ ಮಡಿಸೋ ಸದ್ದು ಇವರಿಗೆಲ್ಲಿ ಗೊತ್ತಿತ್ತು? ಇದು ಬರೆದುಕೊಟ್ಟ ಆ ಮಹಾರಾಯನ ಹೆಂಡತಿ ಸದ್ದು."

ಕಾಗದವನ್ನು ಮಡಿಸುತ್ತ ಅವರೇ ಮುಂದುವರಿಸಿದರು.

"ಈ ಕಾಗದ ಕೇಳಿ ಕೇಳಿ ಮದುವೆಯಾದೆ ಕಣೋ. ವಾಪಸ್ ಬಂದವರು ನೋಡಿದ್ರೆ ಹೂಂ, ಉಹೂಂ. ಅಲ್ಲಿ ಅಷ್ಟು ಮಾತಾಡಿದವರಿಗೆ ಇಲ್ಲಿ ಏನಾಯ್ತು? ನನ್ನ ಕಂಡು ಬೇಜಾರಾಯ್ತಾ? ಅಲ್ಲೇ ಯಾರನ್ನಾದರೂ ನೋಡಿಕೊಂಡು ಬಂದ್ರಾ? ಕೊನೇವರೆಗೂ ಈ ಅನುಮಾನ ತಿನ್ನುತ್ತಾನೇ ಇತ್ತು. ಒಂದು ಸಲ ಕೇಳಿದೆ. ಈಗ ಅದ್ಯಾಕೆ ಅಂದ್ರು."

"ಹಾಗಾದ್ರೆ ಅವರು ಬದಲಾಗಿರಲಿಲ್ಲ ಅಜ್ಜಿ," ಎಂದೆ. "ಹೋಗುವಾಗಲೂ ಹಾಗೇ, ಬಂದಾಗಲೂ ಹಾಗೇ."

"ಅದು ನನಗೂ ಈಗ ತಿಳೀತು. ನೀನು ಬಿಡಿಸಿ ಹೇಳಬೇಕಾಗಿಲ್ಲ."

ಇಲ್ಲಿಗೆ ಸುಮ್ಮನಿದ್ದಿದ್ದರೆ ಬುದ್ಧಿವಂತ ಅನ್ನಿಸಿಕೊಳ್ಳುತ್ತಿದ್ದೆ. ಕಸುಬಿನ ಕೆರೆತ ಬಿಡಲಿಲ್ಲ. "ನಿಮ್ಮ ಉತ್ತರ ಯಾರು ಬರೀತಿದ್ರು?"

"ಟೀಚರಮ್ಮ."

"ನೀವು ಹೇಳಿದ್ದನ್ನಾ?"

ಅಜ್ಜಿಯ ಮುಖ ಕೆಂಪಾಯಿತು. "ನಾನು ಎಲ್ಲಿ ಹೇಳ್ತಿದ್ದೆ? ನಾಚಿಕೆ. ಆರೋಗ್ಯವಾಗಿದ್ದೀನಿ ಅಂತ ಬರೀರಿ ಅಂತಿದ್ದೆ. ಅವರು ಎರಡು ಪುಟ ಬರೀತಿದ್ರು."

"ಅಂದ್ರೆ ತಾತನೂ..."

"ಸುಮ್ನಿರೋ," ಎಂದರು. ಆದರೆ ಮಾತು ಆಗಲೇ ಮೇಜಿನ ಮೇಲೆ ಬಿದ್ದಿತ್ತು. ಎರಡು ಪುಟದ ಹುಡುಗಿಯನ್ನು ಮದುವೆಯಾದೆನೆಂದುಕೊಂಡ ಒಬ್ಬ ಗಂಡಸು, ಅವಳನ್ನು ಈ ಹೆಂಗಸಿನಲ್ಲಿ ಎಷ್ಟು ಕಾಲ ಹುಡುಕಿದನೋ. ಅಜ್ಜಿ ಬೇಸ್‌ಮೆಂಟಿನ ಬಾಗಿಲ ಕಡೆ ನೋಡಿದರು. ಅನುಮಾನಪಡುವ ಹಕ್ಕು ತಮ್ಮೊಬ್ಬರದೇ ಎಂದುಕೊಂಡಿದ್ದವರಿಗೆ ಪಾಲುದಾರ ಸಿಕ್ಕಿದ್ದ.

"ಇಬ್ಬರೂ ಕೇಳಲಿಲ್ಲ ನೋಡು," ಎಂದರು ಕೊನೆಗೆ. "ಆದರೂ ಒಂದು. ಈ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರನ್ನ ದಾರಿ ಕೇಳಿದವರಲ್ಲ. ದಾರಿ ತಪ್ಪಿ ಎರಡು ಮೈಲಿ ನಡೆದರೂ ಬಾಯಿ ಬಿಡ್ತಿರಲಿಲ್ಲ. ಅಂಥವರು ಅಲ್ಲಿ ಅಷ್ಟು ಜನರ ಮಧ್ಯೆ ಒಬ್ಬನ ಹತ್ರ ಹೋಗಿ, ಸ್ವಾಮಿ, ನನ್ನ ಹುಡುಗಿಗೆ ಒಂದು ಕಾಗದ ಬರೆದುಕೊಡಿ ಅಂತ ಕೇಳಿದಾರೆ. ಒಂದು ಸಲ ಅಲ್ಲ, ಇಷ್ಟು ಸಲ." ಕಟ್ಟಿನ ಮೇಲೆ ಅಂಗೈ ಇಟ್ಟರು. "ಅದೇನು ಕಮ್ಮಿ ಮಾತಾ?"

ಮೊಮ್ಮಗಳು ಮೆಲ್ಲಗೆ ಕೇಳಿದಳು, "ಸೋ, ನಾಟ್ ದ ಗ್ರಿಲ್?"

"ತಗೋ. ಆದರೆ ತಾತ ಬರೆದದ್ದು ಅಂತ ಜಂಬ ಕೊಚ್ಚಿಕೊಳ್ಳಬೇಡ. ಕೈಮುಗಿದು ಕೇಳಿ ಬರೆಸಿದ್ದು ಅಂತ ಮೊದಲೇ ಹೇಳು. ಬರೆದವನಿಗೂ ಊರಲ್ಲಿ ಹೆಂಡತಿ ಇದ್ದಳು ಅಂತಾನೂ ಹೇಳು. ಈ ಮಾತೆಲ್ಲ ಅವಳಿಗೂ ಹೋಗಿತ್ತೋ ಇಲ್ಲವೋ, ಪಾಪ. ನನಗೆ ಅದೂ ಅನುಮಾನ." ನನ್ನ ಕಡೆ ತಿರುಗಿದರು. "ಓದೋದು ಮಾತ್ರ ನೀನೇ ಓದು. ಇವನ ಕೈಲಿ ಓದಿಸಬೇಡ. ಇವನು ಓದಿದ್ರೆ ನಿಜಾನೂ ಯಾರೂ ನಂಬಲ್ಲ."

ಮದುವೆಯಲ್ಲಿ ಅವಳೇ ಓದಿದಳು. ಕನ್ನಡದ ಪೀಠಿಕೆಯಲ್ಲಿ ಎರಡು ಕಡೆ ಎಡವಿದಳು, ತಿದ್ದಿಕೊಂಡಳು, ಅಜ್ಜಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ನಾನು ಹಿಂದಿನ ಸಾಲಿನಲ್ಲಿ ಸಿಹಿತಿಂಡಿಯ ಮೇಜಿಗೆ ಹತ್ತಿರವಾಗಿ ಕೂತಿದ್ದೆ. ಓದು ಮುಗಿಯುವವರೆಗೂ ಅಜ್ಜಿ ಮುಂದಿನ ಸಾಲಿನಿಂದ ತಿರುಗಿ ತಿರುಗಿ, ನನ್ನ ತುಟಿ ಅಲುಗುತ್ತಿದೆಯೇನೋ ಎಂದು ನೋಡುತ್ತಲೇ ಇದ್ದರು.